ಕಾವಲುಕಲ್ಲಿನಲ್ಲಿ ಕೂತ ವರ್ಷ

ಪುತ್ತೂರಿನಲ್ಲಿ ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ ಒಂದು ಪಶು ಆಹಾರದ ಅಂಗಡಿ ಇದೆ. ಎರಡು ವರ್ಷದಿಂದ ನಾನು ಅದರ ಎದುರಿನಿಂದ ಹೋಗುತ್ತಿರಲಿಲ್ಲ, ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದೆ. ಈ ಸಲ ದೀಪಾವಳಿ ಕಳೆದ ಮರುವಾರ ಒಂದು ಸಂಜೆ ಇದ್ದಕ್ಕಿದ್ದಂತೆ ಮಳೆ ಬಂತು. ಕೊಡೆ ಇರಲಿಲ್ಲ, ಕೈಯಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು. ಓಡಿ ಹೋಗಿ ನಿಂತದ್ದು ಅದೇ ಅಂಗಡಿಯ ಮಾಡಿನ ಕೆಳಗೆ. ಒಳಗೆ ಯಾರೋ ನೆಲಗಡಲೆ ಹಿಂಡಿಯ ಚೀಲದ ಬಾಯಿ ಬಿಚ್ಚಿದರು. ಎಣ್ಣೆಯ, ಸ್ವಲ್ಪ ಹುರಿದ, ಸ್ವಲ್ಪ ಹಳಸಿದ ಆ ವಾಸನೆ ಬಂದದ್ದೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಉತ್ತರಪತ್ರಿಕೆಯ ಕಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಎದುರಿನ ಚರಂಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅದರ ಮೇಲೆ ನಾಲ್ಕು ಒಣ ಎಲೆಗಳು ತೇಲಿ ಬಂದವು. ಮಳೆ ನಿಲ್ಲುವ ಮೊದಲೇ ನಾನು ಅಲ್ಲಿಂದ ಹೊರಟು ಒದ್ದೆಯಾಗಿಯೇ ಮನೆ ಸೇರಿದೆ.

ಪುತ್ತೂರಿಗೆ ಬರುವ ಮೊದಲು, ಆ ವರ್ಷ, ನಾನು ಕಡಬದ ಕಡೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೆ. ಪಾಠ ವಾರಕ್ಕೆ ಮೂರು ದಿನ. ಕಾಣಿಯೂರಿನಲ್ಲಿ ಒಂದು ಬಾಡಿಗೆ ಕೋಣೆ. ಉಳಿದ ನಾಲ್ಕು ದಿನ ಏನು ಮಾಡುವುದೆಂದು ತಿಳಿಯದೆ ಪೇಟೆಯ ಹೋಟೆಲಿನಲ್ಲಿ ಪೇಪರು ಓದುತ್ತ ಕೂತಿದ್ದಾಗ ಕುಶಾಲಪ್ಪಣ್ಣನ ಪರಿಚಯವಾಯಿತು. ಬೆಳ್ಳಾರೆ ಕಡೆಯ ಅರೆಭಾಷೆ ಗೌಡರು. ಹೆಂಡತಿಯ ಮನೆಯ ಜಾಗ ನೋಡಿಕೊಳ್ಳಲು ಬಂದು ಇಲ್ಲೇ ನಿಂತವರು. ವಯಸ್ಸು ಐವತ್ತೈದರ ಆಚೆ ಈಚೆ. ಅವರ ಟೇಬಲ್ಲಿಗೆ ಒರಗಿಸಿಟ್ಟ ಗಾಳದ ರಾಡನ್ನು ನಾನು ನೋಡುತ್ತಿದ್ದುದನ್ನು ಗಮನಿಸಿ, ಮೇಷ್ಟ್ರಿಗೆ ಈಜು ಬರ್ತದಾ ಎಂದು ಕೇಳಿದರು. ಇಲ್ಲ ಎಂದೆ. ಒಳ್ಳೇದಾಯ್ತು, ಈಜು ಬರುವವರು ನೀರನ್ನು ನಂಬ್ತಾರೆ ಎಂದರು.

ಅವರ ಜೊತೆಗಾರ ವರ್ಕಿಚೇಟ. ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲ್ಯಾಡಿ ಕಡೆ ರಬ್ಬರು ಹಾಕಿದ ಕುಟುಂಬ. ಬೆಳಗ್ಗೆ ಮರಗಳ ಟ್ಯಾಪಿಂಗು ಮುಗಿಸಿ, ರಬ್ಬರು ಹಾಲು ಒಟ್ಟು ಮಾಡಿ, ಶೀಟು ಹೊಡೆದು, ಹತ್ತೂವರೆಗೆ ಸ್ಕೂಟರಿನಲ್ಲಿ ಹಾಜರು. ಅವರು ನನ್ನನ್ನು ಮೊದಲ ದಿನದಿಂದಲೇ ‘ಮಾಷೇ’ ಎಂದು, ಮಲಯಾಳದಲ್ಲಿ ಮೇಷ್ಟ್ರನ್ನು ಕರೆಯುವ ಹಾಗೆ, ಕರೆದರು. ಇಬ್ಬರಿಗೂ ಮೀನಿನ ಆಹಾರದ ವಿಷಯದಲ್ಲಿ ಮುಗಿಯದ ಜಗಳ. ಕುಶಾಲಪ್ಪಣ್ಣ ನೆಲಗಡಲೆ ಹಿಂಡಿಯನ್ನು ಹಿಂದಿನ ದಿನವೇ ನೆನೆಸಿ, ತವುಡು ಸೇರಿಸಿ ಉಂಡೆ ಮಾಡಿ ತರುವವರು. ವರ್ಕಿಚೇಟನದು ಬೇಯಿಸಿದ ಮರಗೆಣಸು.

“ನಮ್ಮ ಹೊಳೆಯ ಮೀನು ನಿನ್ನ ಮರಗೆಣಸಿಗೆ ಬಾಯಿ ಬಿಡುದಿಲ್ಲ ಮಾರಾಯ” ಎಂದು ಕುಶಾಲಪ್ಪಣ್ಣ ಹೇಳಿದರೆ, ಈ ಕಾಟ್ಲಾ ನಿಮ್ಮ ಹೊಳೆಯದ್ದಲ್ಲವಲ್ಲ ಎನ್ನುವುದು ವರ್ಕಿಚೇಟನ ಉತ್ತರ. ಅದು ನಿಜ. ಕಾಟ್ಲಾ, ರೋಹು ಮೀನುಗಳು ನಮ್ಮ ಕುಮಾರಧಾರೆ ಹೊಳೆಗೆ ಹುಟ್ಟಿನಿಂದ ಬಂದವಲ್ಲ. ಜೋರು ಮಳೆಗೆ ಯಾರದೋ ಜಾಗದ ಕೆರೆ ತುಂಬಿ ಹರಿದಾಗ ಸಾಕಿದ ಮೀನುಗಳು ತೋಡಿಗೆ ಇಳಿದು, ತೋಡಿನಿಂದ ಹೊಳೆಗೆ ಬಂದು, ಆಳದ ಗುಂಡಿಗಳಲ್ಲಿ ನಿಂತು ವರ್ಷಗಟ್ಟಲೆ ಬೆಳೆಯುತ್ತವೆ. “ನಮ್ಮ ಹಾಗೇ. ಹೊರಗಿಂದ ಬಂದು ಇಲ್ಲಿ ದಪ್ಪ ಆದದ್ದು” ಎಂದು ವರ್ಕಿಚೇಟ ತಮ್ಮ ಹೊಟ್ಟೆ ತಟ್ಟಿಕೊಳ್ಳುತ್ತಿದ್ದರು.

ಅವರು ಕೂರುವ ಜಾಗ ಕಾಣಿಯೂರಿನಿಂದ ಅರ್ಧ ಗಂಟೆ ನಡೆಯುವಷ್ಟು ದೂರ. ಅಲ್ಲಿ ಹೊಳೆ ಮೇಲಿನ ತಿರುವಿನಿಂದ ನೇರವಾಗಿ ಇಳಿದು ಬಂದು ಒಂದು ದೊಡ್ಡ ಗುಂಡಿಗೆ ಬೀಳುತ್ತದೆ. ಗುಂಡಿಯ ತಲೆಯಲ್ಲಿ, ಹೊಳೆಯ ನಡುವೆ, ನಾಲ್ಕು ಜನ ಕೂರುವಷ್ಟು ಅಗಲದ ಚಪ್ಪಟೆ ಬಂಡೆ. ಅದಕ್ಕೆ ನಡುಗಲ್ಲು ಎನ್ನುತ್ತಾರೆ. ಬೇಸಗೆಯಲ್ಲಿ ದಡದಿಂದ ನಡುಗಲ್ಲಿಗೆ ಮೊಣಕಾಲು ನೀರು. ಅಲ್ಲಿ ಕೂತವನು ಗಾಳ ಎಸೆಯುವುದು ಕೆಳಗಿನ ಗುಂಡಿಗೆ, ಹಾಗಾಗಿ ಅವನ ಮುಖ ಹೊಳೆ ಹೋಗುವ ಕಡೆಗೆ, ಬೆನ್ನು ಹೊಳೆ ಬರುವ ಕಡೆಗೆ. ಇನ್ನೊಬ್ಬ ಗುಂಡಿಯ ಪಕ್ಕದ ದಡದಲ್ಲಿ ಕೂರಬಹುದು. ನಡುಗಲ್ಲಿನಿಂದ ಐವತ್ತು ಹೆಜ್ಜೆ ಮೇಲೆ, ದಡದಲ್ಲೇ, ಎತ್ತರದ ಇನ್ನೊಂದು ಬಂಡೆ. ಅದು ಕಾವಲುಕಲ್ಲು. ಅದರ ಮೇಲೆ ಕೂತರೆ ತಿರುವಿನವರೆಗೂ ನೀರು ಕಾಣುತ್ತದೆ.

ಯಾರಾದರೊಬ್ಬರು ಕಾವಲುಕಲ್ಲಿನಲ್ಲಿ ಕೂರದೆ ಇನ್ನೊಬ್ಬರು ನಡುಗಲ್ಲಿಗೆ ಇಳಿಯುವಂತಿಲ್ಲ. ಇದು ಅಲ್ಲಿ ಗಾಳ ಹಾಕುವವರ ಕ್ರಮ, ಇವರಿಬ್ಬರು ಮಾಡಿದ್ದಲ್ಲ. ಘಟ್ಟದಲ್ಲಿ ಮಳೆ ಬಂದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಮೊದಲು ಬಣ್ಣ ಬರುತ್ತದೆ, ಆಮೇಲೆ ತರಗೆಲೆ ಮತ್ತು ನೊರೆ, ಆಮೇಲೆ ಸದ್ದು. ಬಣ್ಣ ಬಂದರೆ ಕಾವಲಿನವನು ಒಂದು ಕೂ ಹಾಕಬೇಕು, ತರಗೆಲೆ ಕಂಡರೆ ಎರಡು ಕೂ. ಎರಡು ಕೂ ಕೇಳಿದರೆ ಕೈಯಲ್ಲಿ ಏನಿದ್ದರೂ ಬಿಟ್ಟು ಎದ್ದು ಬರಬೇಕು, ಯಾಕೆ ಎಂದು ಕೇಳುವಂತಿಲ್ಲ. ಬಣ್ಣ ಬಂದಾಗಲೇ ಯಾಕೆ ಎದ್ದು ಬರಬಾರದು ಎಂದು ನಾನು ಕೇಳಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ದೊಡ್ಡ ಮೀನು ಬಾಯಿ ಹಾಕುವುದೇ ಆಗ. ತಿಳಿನೀರಿನಲ್ಲಿ ನಮ್ಮ ನೆರಳಿಗೂ ಹೆದರುವ ಕಾಟ್ಲಾ, ನೀರು ಕೆಂಪಾಗುತ್ತಿದ್ದಂತೆ ಧೈರ್ಯವಾಗಿ ತಿನ್ನಲು ಬರುತ್ತದೆ. ಬಣ್ಣಕ್ಕೂ ತರಗೆಲೆಗೂ ನಡುವಿನ ಆ ಕಾಲು ಗಂಟೆಗಾಗಿ ಇವರು ವರ್ಷವಿಡೀ ಕಾಯುತ್ತಿದ್ದರು.

ಇನ್ನೊಂದು ಕ್ರಮ ದೇವರ ಮೀನಿನದು. ಮೇಲೆ ದೇವಸ್ಥಾನದ ಹತ್ತಿರದ ನೀರಿನಲ್ಲಿ ಇರುವ ಆ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಕೆಲವು ಕೆಳಗೆ ಬಂದು ನಮ್ಮ ಗುಂಡಿಯಲ್ಲೂ ಉಳಿಯುತ್ತವೆ. ಅದು ಗಾಳಕ್ಕೆ ಸಿಕ್ಕಿತೆಂದು ಗೊತ್ತಾದ ಕೂಡಲೇ ದಾರ ಕತ್ತರಿಸಬೇಕು. ಅದಕ್ಕೆಂದೇ ಕುಶಾಲಪ್ಪಣ್ಣ ಸೊಂಟದಲ್ಲಿ ಒಂದು ಚಿಕ್ಕ ಚೂರಿ ಇಟ್ಟುಕೊಳ್ಳುತ್ತಿದ್ದರು. ವರ್ಕಿಚೇಟನೂ ಈ ಕ್ರಮವನ್ನು ಮೀರಿದವರಲ್ಲ. ನನ್ನ ದೇವರು ಬೇರೆ ಇರಬಹುದು, ಹೊಳೆ ಒಂದೇ ಅಲ್ವಾ ಎನ್ನುತ್ತಿದ್ದರು.

ಅಕ್ಟೋಬರ್ ತಿಂಗಳಿಡೀ ನಾನು ಹಿಡಿದದ್ದು ಬೆರಳುದ್ದದ ಎಂಟು ಮೀನು, ಮೀಸೆಯ ಒಂದು ಮುಗುಡು. ಎಸೆದ ಗಾಳ ಹೆಚ್ಚಾಗಿ ನನ್ನ ಹಿಂದಿನ ಪೊದೆಗೇ ಸಿಕ್ಕಿಕೊಳ್ಳುತ್ತಿತ್ತು. ಮೇಷ್ಟ್ರು ಇವತ್ತು ಪೊದೆ ಹಿಡಿದರು ಎಂದು ಕುಶಾಲಪ್ಪಣ್ಣ ಹೋಟೆಲಿನಲ್ಲಿ ಪ್ರಚಾರ ಮಾಡುತ್ತಿದ್ದರು. ಕೊನೆಗೆ ಕಾವಲು ನನ್ನ ಪಾಲಿಗೆ ಬಂತು. ನನಗೂ ಅದು ಇಷ್ಟವಾಯಿತು. ಚಳಿಗಾಲದ ಬೆಳಗ್ಗೆ ನೀರಿನ ಮೇಲೆ ಮಂಜು, ಆಮೇಲೆ ಬಿಸಿಲು, ತಿರುವಿನ ಕಡೆಯಿಂದ ನೀರುಕಾಗೆ. ಸೆಮಿಸ್ಟರ್ ಪರೀಕ್ಷೆಯ ಸಮಯದಲ್ಲಿ ಒಂದು ದಿನ ಉತ್ತರಪತ್ರಿಕೆ ತಿದ್ದಲು ಒಯ್ದಿದ್ದೆ. ಕುಶಾಲಪ್ಪಣ್ಣ ನಡುಗಲ್ಲಿನಿಂದ ನೀರು ದಾಟಿ, ಬಂಡೆ ಹತ್ತಿ ಬಂದು, ಏನೂ ಹೇಳದೆ ಕಟ್ಟನ್ನು ಎತ್ತಿಕೊಂಡು ಹೋಗಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಸಂಜೆ ವಾಪಸು ಕೊಡುವಾಗ ಅದರಲ್ಲಿ ಹಿಂಡಿಯ ಎಣ್ಣೆ ಹತ್ತಿತ್ತು. “ಅಲ್ಲಿ ಕೂತ ಮೇಲೆ ನಿಮ್ಮ ಕಣ್ಣು ನಿಮ್ಮದಲ್ಲ ಮೇಷ್ಟ್ರೆ, ನಂದು” ಎಂದರು. ನಗುತ್ತಲೇ ಹೇಳಿದ್ದು.

ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆ ಸೋತುಹೋಯಿತು. ಕಲ್ಲುಗಳ ನಡುವೆ ಅಲ್ಲಲ್ಲಿ ನಿಂತ ನೀರು, ಬಿಸಿಲಿಗೆ ಕಾದ ಮರಳು. ಗುಂಡಿ ಮಾತ್ರ ಹಸಿರಾಗಿ, ಆಳವಾಗಿ ಉಳಿದಿತ್ತು. ಮೀನುಗಳೆಲ್ಲ ಅಲ್ಲಿಗೇ ಸೇರಿವೆ ಎಂದು ಗೊತ್ತು, ಒಂದೂ ಬಾಯಿ ಹಾಕುವುದಿಲ್ಲ. ಕುಶಾಲಪ್ಪಣ್ಣ ದಿನಾ ಎರಡು ಉಂಡೆ ಹಿಂಡಿ ಗುಂಡಿಗೆ ಎಸೆದು ಮೀನುಗಳಿಗೆ ಜಾಗ ಅಭ್ಯಾಸ ಮಾಡಿಸುತ್ತಿದ್ದರು. ಇಡೀ ಬೇಸಗೆ ಗಾಳ ಹಾಕದೆ ಬರೀ ಊಟ ಹಾಕಿದರು. ಗಂಡನಿಗೆ ಹೊಳೆಯಲ್ಲಿ ಇನ್ನೊಂದು ಸಂಸಾರ ಉಂಟು ಎಂದು ದಮಯಂತಿಯಕ್ಕ, ಅವರ ಹೆಂಡತಿ, ತಮಾಷೆ ಮಾಡುತ್ತಿದ್ದರು.

ಮೇ ತಿಂಗಳಲ್ಲಿ ಘಟ್ಟದ ಮೇಲೆ ಮೋಡ ಕಟ್ಟಲು ಶುರುವಾಯಿತು. ಆ ದಿನ ಮಧ್ಯಾಹ್ನ ಮೂರೂವರೆಯ ಹೊತ್ತು. ಇಲ್ಲಿ ಒಂದು ಹನಿ ಇಲ್ಲ, ಕಣ್ಣು ಬಿಡಲಾರದಷ್ಟು ಬಿಸಿಲು. ದೂರದ ಗುಡುಗು ಕೇಳಿಸುತ್ತಿತ್ತು, ಆದರೆ ಹದಿನೈದು ದಿನದಿಂದ ಅದು ದಿನಾ ಕೇಳಿಸುತ್ತಿದ್ದ ಗುಡುಗು. ಕುಶಾಲಪ್ಪಣ್ಣ ನಡುಗಲ್ಲಿನಲ್ಲಿ, ವರ್ಕಿಚೇಟ ಗುಂಡಿಯ ದಡದಲ್ಲಿ, ನಾನು ಕಾವಲುಕಲ್ಲಿನಲ್ಲಿ.

ತಿರುವಿನಲ್ಲಿ, ಆಚೆ ದಡದ ಬದಿಗೆ, ಒಂದು ಕೆಂಪು ಪಟ್ಟಿ ಕಂಡಿತು. ಒಂದು ವೇಷ್ಟಿಯ ಅಂಚಿನಷ್ಟು ಅಗಲ. ನಾನು ಒಂದು ಕೂ ಹಾಕಿದೆ. ಏಳು ತಿಂಗಳು ಕೂತದ್ದರಲ್ಲಿ ಮೊದಲ ಸಲ ಹಾಕಿದ ಕೂ. ನನ್ನ ಸ್ವರದಲ್ಲಿ ಹೆದರಿಕೆಗಿಂತ ಸಂತೋಷವೇ ಹೆಚ್ಚಿತ್ತು. ಕುಶಾಲಪ್ಪಣ್ಣ ತಿರುಗದೆಯೇ ಒಂದು ಕೈ ಎತ್ತಿ ಕೇಳಿಸಿತೆಂದು ತೋರಿಸಿದರು. ಪಟ್ಟಿ ಅಗಲವಾಗುತ್ತ ನನ್ನ ಬಂಡೆಯ ಕೆಳಗೆ ಬಂದು, ನಡುಗಲ್ಲನ್ನು ಸುತ್ತಿ ಗುಂಡಿಗೆ ಇಳಿಯಿತು.

ಆಮೇಲೆ ರೀಲು ಕಿರುಚಿದ ಶಬ್ದ.

ನಾನು ತಿರುಗಿದೆ. ಇಷ್ಟನ್ನು ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ನಾನು ಹೊಳೆಯ ತಿರುವಿಗೆ ಬೆನ್ನು ಹಾಕಿ ಕೆಳಗೆ ನೋಡಿದೆ. ಕುಶಾಲಪ್ಪಣ್ಣ ಎದ್ದು ನಿಂತಿದ್ದರು, ರಾಡು ಬಿಲ್ಲಿನ ಹಾಗೆ ಬಾಗಿತ್ತು. ಮೀನು ನೇರವಾಗಿ ಕೆಳಕ್ಕೆ ಓಡಿತು, ನಿಂತಿತು, ಮತ್ತೆ ಓಡಿತು. ವರ್ಕಿಚೇಟ ದಡದಲ್ಲಿ ಎದ್ದು ನಿಂತು ಬಿಡು ಬಿಡು, ಎಳೀಬೇಡ ಎನ್ನುತ್ತಿದ್ದರು. ಒಮ್ಮೆ ಅದು ಮೇಲೆ ಬಂತು. ಕುಶಾಲಪ್ಪಣ್ಣನ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ವರ್ಕಿಚೇಟನಿಗೆ ಒಂದು ಕಲ್ಲು ಅಡ್ಡ ಇತ್ತು. ಎತ್ತರದಲ್ಲಿದ್ದ ನನಗೆ ಚೆನ್ನಾಗಿ ಕಂಡಿತು. ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ, ಬೆಳ್ಳಿಯ ಹೊಟ್ಟೆ. ಕಾಟ್ಲಾ. ಅಷ್ಟು ದೊಡ್ಡ ಮೀನನ್ನು ನಾನು ಸಂತೆಯಲ್ಲೂ ಕಂಡಿರಲಿಲ್ಲ.

ಎಷ್ಟು ಹೊತ್ತು ನೋಡಿದೆ? ಒಂದು ನಿಮಿಷವೇ, ಎರಡೇ, ಮೂರೇ? ಕೋಣೆಯಲ್ಲಿ ಕೂತು, ಮೊಬೈಲಿನ ಗಡಿಯಾರ ಹಿಡಿದು, ರೀಲಿನ ಮೊದಲ ಶಬ್ದದಿಂದ ಶುರುಮಾಡಿ ಮನಸ್ಸಿನಲ್ಲೇ ಎಲ್ಲವನ್ನೂ ನಡೆಸಿ ನೋಡಿದ್ದೇನೆ. ಪ್ರತಿ ಸಲ ಬೇರೆ ಉತ್ತರ ಬರುತ್ತದೆ. ಮತ್ತೆ ಮೇಲಕ್ಕೆ ತಿರುಗಿದಾಗ ತರಗೆಲೆಗಳು ತಿರುವಿನಲ್ಲಿ ಇರಲಿಲ್ಲ. ನನ್ನ ಕಾಲ ಕೆಳಗೆ ಬಂದಿದ್ದವು. ಚಾಪೆ ಹಾಸಿದ ಹಾಗೆ, ಕಂದು ನೊರೆಯ ಜೊತೆ, ಅರ್ಧ ಆಗಲೇ ದಾಟಿ ಹೋಗಿತ್ತು. ಮೇಲೆ ತಿರುವಿನಲ್ಲಿ ನೀರು ಒಂದು ಮೆಟ್ಟಿಲಿನಷ್ಟು ಎತ್ತರದಲ್ಲಿ ಬರುತ್ತಿತ್ತು.

ಎರಡು ಕೂ ಹಾಕಿದೆ. ಕುಶಾಲಪ್ಪಣ್ಣ ತಿರುಗಿ ನೋಡಿದರು. ಅವರು ರಾಡನ್ನು ಬಿಟ್ಟದ್ದು ತಡವಾಗಿ ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಹಾಗೇನೂ ಇಲ್ಲ. ಕೂಡಲೇ ಬಿಟ್ಟರು. ನಡುಗಲ್ಲಿನಿಂದ ಇಳಿದಾಗ ನೀರು ತೊಡೆಗೆ ಬಂದಿತ್ತು. ಮೂರು ಹೆಜ್ಜೆ ಇಟ್ಟರು. ನಾಲ್ಕನೆಯದಕ್ಕೆ ಕಾಲು ಎರಡು ಕಲ್ಲಿನ ನಡುವೆ ಸಿಕ್ಕಿತು, ಅದೇ ಹೊತ್ತಿಗೆ ನೀರಿನ ಆ ಮೆಟ್ಟಿಲು ಬಂದು ತಲುಪಿತು. ಅವರ ದೇಹ ಒಂದು ಕಡೆಗೆ ವಾಲಿ, ಕಾಲು ಅಲ್ಲೇ ಉಳಿದು, ಆಮೇಲೆ ಬಿಡಿಸಿಕೊಂಡು, ಗುಂಡಿಗೆ ಹೋಯಿತು. ಒಂದು ಕ್ಷಣ ಏನೂ ಕಾಣಲಿಲ್ಲ. ಗುಂಡಿಯ ಬಾಲದಲ್ಲಿ, ಹೊಳೆ ನಡುವಿನ ಪೊದೆಯೊಂದರಲ್ಲಿ, ಅವರ ಕೈ ಕಂಡಿತು.

ವರ್ಕಿಚೇಟ ದಡದ ಮೇಲಿನ ತೋಟಕ್ಕೆ ಓಡಿದರು. ಅಲ್ಲಿನ ಶೆಡ್ಡಿನಲ್ಲಿ ಅಡಿಕೆ ಕೊಯ್ಯುವ ಉದ್ದದ ದೋಟಿಗಳಿದ್ದವು, ಒಂದು ಹೊಸ ಕಾರ್ಬನ್ ಫೈಬರಿನದು, ಒಂದು ಹಳೆಯ ಬಿದಿರಿನದು. ಅವರು ಬಿದಿರಿನದನ್ನು ಎತ್ತಿಕೊಂಡು ಬಂದರು. ಹೊಸದಾಗಿದ್ದರೆ ಎಳೆಯುವಾಗ ಸಂದಿಯಲ್ಲಿ ಕಳಚಿ ಬರುತ್ತಿತ್ತು ಎಂದು ಆಮೇಲೆ ಹೇಳಿದರು. ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯನಿಗೆ ಅದು ಹೇಗೆ ಹೊಳೆಯಿತೋ ನನಗೆ ಅರ್ಥವಾಗುವುದಿಲ್ಲ. ನಾನು ಏನು ಮಾಡುತ್ತಿದ್ದೆ ಎಂದರೆ, ಬಂಡೆಯ ಮೇಲೆ ನಿಂತು ಕೂ ಹಾಕುತ್ತಿದ್ದೆ. ಎರಡು ಕೂ, ಮತ್ತೆ ಎರಡು ಕೂ. ಕೇಳಬೇಕಾದವರು ನೀರಿನಲ್ಲಿದ್ದರು, ಆದರೂ ನಿಲ್ಲಿಸಲು ನನಗೆ ಆಗಲಿಲ್ಲ.

“ಮಾಷೇ, ಕೂಗಿದ್ದು ಸಾಕು, ಇಳಿದು ಬಾ” ಎಂದು ವರ್ಕಿಚೇಟ ಕೆಳಗಿನಿಂದ ಹೇಳಿದರು. ಅವರು ನನಗೆ ಏಕವಚನ ಹಾಕಿದ್ದು ಅದೊಂದೇ ಸಲ.

ಇಳಿದು ಹೋಗಿ ದೋಟಿಯ ತುದಿ ಹಿಡಿದೆ. ತೋಟದವರೂ ಬಂದು ಹಿಡಿದರು. ಕುಶಾಲಪ್ಪಣ್ಣ ಒಂದು ಕೈಯನ್ನು ಪೊದೆಯಿಂದ ಬಿಟ್ಟು ದೋಟಿಗೆ ಹಾಕಲು ಮೂರು ಸಲ ನೋಡಿದರು. ಮೂರನೇ ಸಲ ಸಿಕ್ಕಿತು. ದಡಕ್ಕೆ ಎಳೆದು ಹಾಕಿದಾಗ ಅವರ ಬಲಗಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಕಾಲು ಗಂಟೆಯಲ್ಲಿ ಪೊದೆ ಕಾಣಲಿಲ್ಲ, ನಡುಗಲ್ಲೂ ಕಾಣಲಿಲ್ಲ. ಮೇಲಿನ ಕಿಂಡಿ ಅಣೆಕಟ್ಟಿನಲ್ಲಿ ಬೇಸಗೆಗೆಂದು ಹಾಕಿದ ಹಲಗೆಗಳನ್ನು ಇನ್ನೂ ತೆಗೆದಿರಲಿಲ್ಲವಂತೆ, ಎರಡು ಕಿಂಡಿಯ ಹಲಗೆ ಒಟ್ಟಿಗೆ ಹೋದದ್ದರಿಂದ ನೀರು ಹಾಗೆ ಬಂತಂತೆ. ಇರಬಹುದು. ತರಗೆಲೆ ಮಾತ್ರ ಅದಕ್ಕೂ ಮೊದಲೇ ಬಂದಿತ್ತು.

ಪುತ್ತೂರಿನ ಆಸ್ಪತ್ರೆಯಲ್ಲಿ ಅವರ ಕಾಲಿಗೆ ಎರಡು ಸಲ ಆಪರೇಷನ್ ಆಯಿತು. ಈ ನಡುವೆ ನಾನು ದೊಡ್ಡ ಮನುಷ್ಯನಾದೆ. ಉಪನ್ಯಾಸಕರ ಸಮಯಪ್ರಜ್ಞೆಯಿಂದ ಕೃಷಿಕ ಪಾರು ಎಂದು ಸ್ಥಳೀಯ ಪತ್ರಿಕೆಯಲ್ಲಿ ಬಂತು. ಹೊಸ ಶೈಕ್ಷಣಿಕ ವರ್ಷ ಶುರುವಾದಾಗ ಕಾಲೇಜಿನ ಸಭಾಂಗಣದಲ್ಲಿ ನನಗೆ ಶಾಲು ಹೊದೆಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕಿ ನನ್ನ ಕೂಗಿನ ಬಗ್ಗೆ ಐದು ನಿಮಿಷ ಮಾತಾಡಿದಳು. ಬೇಡ ಎನ್ನಲು ಕಾರಣ ಕೊಡಬೇಕಾಗುತ್ತಿತ್ತು, ಕೊಡಲಿಲ್ಲ. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. ಕುಶಾಲಪ್ಪಣ್ಣ ಊರುಗೋಲು ಹಿಡಿದು ಎದುರಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಅವರು ಮಾತ್ರ ಬೇರೆಯೇ ಲೆಕ್ಕ ಹಾಕಿಕೊಂಡಿದ್ದರು. ಆಸ್ಪತ್ರೆಯಲ್ಲೇ ನನಗೆ ಹೇಳಿದ್ದರು. ಗಾಳಕ್ಕೆ ಬಿದ್ದದ್ದು ದೇವರ ಮೀನು. ಕಾಟ್ಲಾ ಆದರೆ ತಲೆ ಕೊಡವುತ್ತದೆ, ತಳಕ್ಕೆ ಹೋಗಿ ಕೂರುತ್ತದೆ. ಇದು ನೇರ ಓಡಿತು. ತನಗೆ ಸಂಶಯ ಬಂದಿತ್ತು, ಚೂರಿ ಸೊಂಟದಲ್ಲೇ ಇತ್ತು, ಆದರೂ ದಾರ ಕತ್ತರಿಸಲಿಲ್ಲ, ಒಮ್ಮೆ ನೋಡಬೇಕು ಎನ್ನುವ ಆಸೆಯಾಯಿತು. ಅದಕ್ಕೇ ಹೀಗಾಯಿತು. ನಾನು ಮಂಚದ ಪಕ್ಕದಲ್ಲಿ ಕೂತು ಕೇಳಿದೆ. ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅಲ್ಲ ಎಂದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ.

ಅವರು ಹೊಳೆಗೆ ಹೋಗುವುದನ್ನು ಬಿಟ್ಟರು. ಮನೆಯಲ್ಲಿ ಮೀನು ಬೇಯಿಸುವುದನ್ನೂ ಬಿಟ್ಟರು. ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರು. ದಮಯಂತಿಯಕ್ಕ ನನಗೆ ಬಾಳೆಹಣ್ಣು, ಹಲಸಿನ ಹಪ್ಪಳ, ಜೇನು ಕಟ್ಟಿಕೊಟ್ಟು ಕಳಿಸುತ್ತಿದ್ದರು. ಅವರು ಮಾಡಿದ ತಪ್ಪಿಗೆ ನೀವು ಇಲ್ಲದಿದ್ದರೆ ಎಂತ ಆಗ್ತಿತ್ತು ಎಂದು ಪ್ರತಿ ಸಲ ಹೇಳುತ್ತಿದ್ದರು. ಮರುವರ್ಷ ನನಗೆ ಪುತ್ತೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕಾಣಿಯೂರಿನ ಕೋಣೆ ಬಿಟ್ಟೆ. ಅಷ್ಟಕ್ಕೇ ಬಿಡುಗಡೆ ಆಯಿತು ಎಂದುಕೊಂಡೆ. ಆದರೆ ತರಗತಿಯಲ್ಲಿ ಬರೆಯಲು ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ನೀರು ಬರುವ ಹಾಗೆ ಆಗುತ್ತದೆ. ಅರ್ಧ ವಾಕ್ಯ ಬರೆದು ತಿರುಗಿ ನೋಡುತ್ತೇನೆ. ಮಕ್ಕಳು ಕಾಪಿ ಹೊಡೆಯುತ್ತಾರೆಂದು ಸಾರ್‌ಗೆ ಸಂಶಯ ಎಂದು ಅವರೊಳಗೆ ಮಾತು.

ಹಿಂಡಿ ಅಂಗಡಿಯೆದುರು ಮಳೆಗೆ ಸಿಕ್ಕಿದ ನಂತರದ ಭಾನುವಾರ ಕಾಣಿಯೂರಿಗೆ ಹೋದೆ. ಕುಶಾಲಪ್ಪಣ್ಣ ಜಗಲಿಯಲ್ಲಿ ಕಾಲು ನೀಡಿ ಕೂತು, ತೆಂಗಿನ ಗರಿ ಸಿಗಿದು ಅಂಗಳ ಗುಡಿಸುವ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದರು. ತೂಕ ಇಳಿದಿತ್ತು. ಊರಿನ ವಿಷಯ, ಮಳೆಯ ವಿಷಯ, ವರ್ಕಿಚೇಟನ ಸ್ಕೂಟರಿನ ವಿಷಯ ಮಾತಾಡಿದೆವು. ವರ್ಕಿಚೇಟ ಈಗಲೂ ಕರೆಯುತ್ತಾರೆ, ತಾನೇ ಹೋಗುವುದಿಲ್ಲ, ಹೊಳೆಯ ಎದುರು ನಿಲ್ಲುವ ಮುಖ ತನಗಿಲ್ಲ ಎಂದರು ಕುಶಾಲಪ್ಪಣ್ಣ. ಆ ಮಾತನ್ನು ಅವರು ಹೇಳಿದ ರೀತಿ, ಒಂದು ಕಾಯಿಲೆಯ ಹೆಸರು ಹೇಳಿದ ಹಾಗಿತ್ತು.

“ಅದು ಕಾಟ್ಲಾ, ಕುಶಾಲಪ್ಪಣ್ಣ” ಎಂದೆ.

ಅವರ ಕೈ ನಿಲ್ಲಲಿಲ್ಲ. “ಸಮಾಧಾನಕ್ಕೆ ಹೇಳುದು ಬೇಡ.”

“ಸಮಾಧಾನಕ್ಕಲ್ಲ. ನಾನು ನೋಡಿದ್ದೇನೆ. ಒಮ್ಮೆ ಮೇಲೆ ಬಂತು. ಅಷ್ಟು ದೊಡ್ಡ ತಲೆ, ಬಾಯಿ ಮೇಲಕ್ಕೆ. ದೇವರ ಮೀನು ಅಲ್ಲವೇ ಅಲ್ಲ.”

ಈಗ ಕೈ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಅಂಗಳದ ಕಡೆ ನೋಡಿದರು. ನಡುಗಲ್ಲಿನಿಂದ ಕಾವಲುಕಲ್ಲಿಗೆ ಐವತ್ತು ಹೆಜ್ಜೆ ಅಳೆಯುತ್ತಿದ್ದಾರೆ ಎಂದು ನನಗೆ ಅನಿಸಿತು.

“ಎರಡು ಕೂ ಹಾಕುವ ಮೊದಲಾ, ನಂತರವಾ?”

“ಮೊದಲು.”

“ಹಾಗಾದ್ರೆ ನೀವು ಈಚೆ ತಿರುಗಿದ್ರಿ.”

“ಹೌದು.”

ಕುಶಾಲಪ್ಪಣ್ಣ ಇನ್ನೊಂದು ಗರಿ ಎತ್ತಿಕೊಂಡು ಸಿಗಿಯತೊಡಗಿದರು. ನಾಲ್ಕೈದು ಕಡ್ಡಿ ತೆಗೆದ ಮೇಲೆ, ಎಷ್ಟಿತ್ತು ಎಂದು ಕೇಳಿದರು. ಏನು ಎಂದೆ. ಮೀನು ಎಂದರು. ಹನ್ನೆರಡು ಕೆಜಿ ಇರಬಹುದು ಎಂದೆ.

“ಹದಿನೈದು ಹೇಳಿ ಮಾರಾಯ್ರೆ. ಎರಡು ವರ್ಷ ಕಾಲು ಎಳ್ಕೊಂಡು ನಡೆದದ್ದಕ್ಕೆ.”

ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ. ಅವರು ಒಳಗೆ ತಿರುಗಿ ಅರೆಭಾಷೆಯಲ್ಲಿ, ಅದು ದೇವರ ಮೀನಲ್ಲವಂತೆ, ಮೇಷ್ಟ್ರು ಕಣ್ಣಾರೆ ನೋಡಿದ್ದಂತೆ ಎಂದು ಹೆಂಡತಿಗೆ ಹೇಳಿದರು. ದಮಯಂತಿಯಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮೊದಲು ಗಂಡನ ಮುಖ ನೋಡಿದರು. ಆ ಮುಖದಲ್ಲಿ ಏನೋ ಸಡಿಲವಾಗಿದ್ದುದು ಅವರಿಗೂ ಕಂಡಿರಬೇಕು. ಆಮೇಲೆ ನನ್ನ ಕಡೆ ತಿರುಗಿದರು.

“ಹಾಗಾದ್ರೆ ಅವತ್ತು ನೀವು ಅಲ್ಲಿ ಎಂತ ಮಾಡ್ತಾ ಇದ್ದದ್ದು?”

ಕುಶಾಲಪ್ಪಣ್ಣನೇ, ಮೀನು ನೋಡ್ತಾ ಇದ್ದದ್ದು ಎಂದರು. ಆ ಮಾತಿನಲ್ಲಿ ನನ್ನ ಪರವೂ ಇರಲಿಲ್ಲ, ವಿರುದ್ಧವೂ ಇರಲಿಲ್ಲ. ದಮಯಂತಿಯಕ್ಕ ಒಳಗೆ ಹೋದರು. ಆ ದಿನ ಕಾಫಿ ಬರಲಿಲ್ಲ. ಆ ಮನೆಯಲ್ಲಿ ನಾನು ಕಾಫಿ ಕುಡಿಯದೆ ಎದ್ದದ್ದು ಅದೇ ಮೊದಲು.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಕುಶಾಲಪ್ಪಣ್ಣ ಹಿಂದಿನಿಂದ ಕರೆದರು. ಬರುವ ಭಾನುವಾರ ವರ್ಕಿಗೆ ಬರಲಿಕ್ಕೆ ಹೇಳುತ್ತೇನೆ, ನೀವೂ ಬನ್ನಿ ಎಂದರು. ನಾನು ತಲೆಯಾಡಿಸಿದೆ.

“ಕಾವಲಿಗೆ ಅವ ಕೂತ್ಕೊಳ್ಳಲಿ. ನೀವು ನನ್ನೊಟ್ಟಿಗೆ ನಡುಗಲ್ಲಿಗೆ.”

ಅದು ಕ್ಷಮೆಯೋ ಶಿಕ್ಷೆಯೋ ಎಂದು ಆ ವಾರವಿಡೀ ಯೋಚಿಸಿದೆ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಊಟದ ತಟ್ಟೆಯ ಎದುರು. ಎರಡೂ ಇರಬಹುದು. ಹೋಗದಿರಲು ನೆಪಗಳಿದ್ದವು, ಶನಿವಾರ ಸಂಜೆಯವರೆಗೂ ಅವುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಆದರೂ ಹೋದೆ.

ನವೆಂಬರಿನ ತಿಳಿನೀರು. ಕುಶಾಲಪ್ಪಣ್ಣನನ್ನು ದಾಟಿಸಲು ನಾನೊಂದು ಕಡೆ, ವರ್ಕಿಚೇಟ ಒಂದು ಕಡೆ. ನಡುಗಲ್ಲಿಗೆ ನಾಲ್ಕು ಹೆಜ್ಜೆ ಉಳಿದಾಗ ಅವರು ಒಂದು ಕ್ಷಣ ನಿಂತು, ತಳದ ಕಲ್ಲುಗಳನ್ನು ನೋಡಿ, ಮುಂದೆ ಕಾಲಿಟ್ಟರು. ಅವರನ್ನು ಕೂರಿಸಿ, ಕಾವಲಿಲ್ಲದೆ ಇಳಿದದ್ದು ಇದೇ ಮೊದಲು ಎಂದು ಗೊಣಗುತ್ತ ವರ್ಕಿಚೇಟ ಬೇಗ ವಾಪಸು ಹೋಗಿ ಕಾವಲುಕಲ್ಲು ಹತ್ತಿದರು. ನಾನು ನಡುಗಲ್ಲಿನಲ್ಲಿ ಕೂತೆ, ಮುಖ ಗುಂಡಿಗೆ, ಬೆನ್ನು ಹೊಳೆಗೆ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಘಟ್ಟದ ಮೇಲೂ ಇರಲಿಲ್ಲ, ಬರುವಾಗಲೇ ನೋಡಿಕೊಂಡಿದ್ದೆ. ಆದರೂ ಬೆನ್ನಿನ ಚರ್ಮವೆಲ್ಲ ಕಿವಿಯಾದ ಹಾಗೆ. ನೀರು ಕಲ್ಲಿಗೆ ತಾಗುವ ಪ್ರತಿ ಸಣ್ಣ ಶಬ್ದಕ್ಕೂ ನಾನು ತಿರುಗುತ್ತಿದ್ದೆ. ಇವರು ವರ್ಷಗಟ್ಟಲೆ ಹೀಗೆ ಕೂತಿದ್ದರು, ನನ್ನನ್ನು ನಂಬಿ ಏಳು ತಿಂಗಳು.

“ಆಚೆ ನೋಡುದು ಬೇಡ. ಅದು ಅವನ ಕೆಲಸ” ಎಂದರು ಕುಶಾಲಪ್ಪಣ್ಣ.

ಹನ್ನೊಂದರ ಹೊತ್ತಿಗೆ ಅವರ ರೀಲು ಕಿರುಚಿತು. ದೊಡ್ಡದೇನಲ್ಲ, ಆದರೆ ಎರಡು ವರ್ಷದ ಮೇಲಿನ ಮೊದಲ ಮೀನು. ಅವರು ಕೂತಲ್ಲಿಂದಲೇ ರಾಡು ಎತ್ತಿ ಹಿಡಿದು, ಹಲ್ಲು ಕಚ್ಚಿ, ಚಿಕ್ಕವರ ಹಾಗೆ ನಕ್ಕರು. ದಾರ ನೀರನ್ನು ಸೀಳುತ್ತ ಅತ್ತಿಂದಿತ್ತ ಓಡಿತು. ನಾನು ಮೀನನ್ನು ನೋಡಲಿಲ್ಲ. ತಿರುಗಿ ಮೇಲೆ ನೋಡಿದೆ. ವರ್ಕಿಚೇಟ ಬಂಡೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದರು. ರೀಲಿನ ಶಬ್ದ ಅವರಿಗೂ ಕೇಳಿಸಿರಲೇಬೇಕು. ನನಗೆ ಕಂಡದ್ದು ಅವರ ಬೆನ್ನು ಮಾತ್ರ. ಅದು ತಿರುಗಲಿಲ್ಲ.